ಮೂರನೇ ಗೇಟ್ ಆಚೆ ಹಳೇ ಯೆಜ್ಡಿ ನೋಡೂ ಕಾಕಾನ ಗ್ಯಾರೇಜ್, ನಮ್ಮ ಗಾಡಿ ಎಂಜಿನ್ ಬಿಚ್ಚಲಾರ್ದ ಚಾಲೂ ಆತು

ಬೆಳಗಾವ್ಯಾಗ ಟೂ ಸ್ಟ್ರೋಕ್ ಗಾಡಿ (ಪೆಟ್ರೋಲಿನ್ಯಾಗ ಆಯಿಲ್ ಕಲಸಿ ಓಡಸೂ ಹಳೇ ನಮೂನಿ ಬೈಕ್) ಯಾರ್ ಚೊಲೋ ನೋಡ್ತಾರ ಅಂತ ಭಾಳ ಮಂದಿ ಕೇಳ್ತೀರಿ, ಅದಕ್ಕ ಸ್ವಲ್ಪ ಉದ್ದ ಬರಿಯಾಕತ್ತೀನಿ.

ನಮ್ಮಪ್ಪಂದು ಯೆಜ್ಡಿ ರೋಡ್‌ಕಿಂಗ್, 1987ರ ಗಾಡಿ, ಮೈಸೂರಿನ ಐಡಿಯಲ್ ಜಾವಾದಾಗ ತಯಾರಾಗಿದ್ದು. ಆ ಫ್ಯಾಕ್ಟರಿ 1996ರಾಗ ಬಂದ್ ಆತು, ನಮ್ಮ ಗಾಡಿ ಬೈಲಹೊಂಗಲದಾಗ ಓಡ್ತಾನ ಇತ್ತು. ಅಪ್ಪಗ ಮೊಣಕಾಲ ಆಪರೇಶನ್ ಆದ ಮ್ಯಾಲ ಎಂಟ್ ತಿಂಗಳ ದನದ ಕೊಟ್ಟಿಗಿ ಬಾಜೂಕ ನಿಂತ್ಬಿಡ್ತು. ಆಮ್ಯಾಲ ಎಷ್ಟ ಕಿಕ್ ಹೊಡದ್ರೂ ಚಾಲೂ ಆಗವಲ್ದು, ಹೊಸಾ ಸ್ಪಾರ್ಕ್ ಪ್ಲಗ್ ಹಾಕಿದ್ವಿ, ದಬ್ಬಿದ್ವಿ, ಓಣಿ ಹುಡುಗ್ರೆಲ್ಲಾ ಪಾಳಿ ಹಚ್ಚಿ ಒದ್ರು, ಏನೂ ಇಲ್ಲ. ಊರಾಗ ಒಂದ್ ಕಡೆ ತೋರಿಸಿದ್ರ ಪ್ಲಗ್ ಬಿಚ್ಚಿ ಕಿಡಿ ನೋಡಿ, "ಕರೆಂಟ್ ಐತಿ, ಕಂಪ್ರೆಶನ್ ಹೋಗೇತಿ, ಬೋರ್ ಪಿಸ್ಟನ್ ಮಾಡಸ್ರಿ, 14 ಸಾವಿರ" ಅಂದ್ರು. ಅಂದ್ರ ಸಿಲಿಂಡರ್ ಒಳಗಿನ ಒತ್ತಡ ಹೋಗೇತಿ, ಎಂಜಿನ್ ಬಿಚ್ಚಿ ಸಿಲಿಂಡರ್ ಕೊರಸಿ ಹೊಸಾ ಪಿಸ್ಟನ್ ಹಾಕಸ್ಬೇಕು ಅಂತ. ಅಪ್ಪ ಅವತ್ತ ರಾತ್ರಿ ಸರಿಯಾಗಿ ಊಟಾನೂ ಮಾಡ್ಲಿಲ್ಲ. ಆ ಎಂಜಿನ್ ಇಷ್ಟ ವರ್ಷದಾಗ ಒಮ್ಮೆನೂ ಬಿಚ್ಚಿಲ್ಲ.

ಕಡೀಕ ಛೋಟಾ ಹಾಥಿಯಾಗ ಹೇರ್ಕೊಂಡ ಬೆಳಗಾವಿಗೆ ತಂದ್ವಿ. ಮೂರನೇ ರೈಲ್ವೆ ಗೇಟ್ ದಾಟಿ ಉದ್ಯಮಬಾಗ ಕಡೆ ಹೊಂಟ್ರ ಒಂದ್ ಸಣ್ಣ ಗಲ್ಲಿಯೊಳಗ ಐತಿ, ಬೋರ್ಡ್ ಇಲ್ಲ, ಎಲ್ಲಾರೂ ಕಾಕಾ ಅಂತಾರ.

ಕಾಕಾ ಮೊದಲ ಕಿಕ್ ಹೊಡೀಲೇ ಇಲ್ರಿ. ಟ್ಯಾಂಕಿನ ಮುಚ್ಚಳ ತಗದು ವಾಸನಿ ನೋಡಿದ್ರು, ಪೆಟ್ರೋಲ್ ಪೈಪ್ ಬಿಚ್ಚಿ ಒಂದ್ ಬಾಟಲಿಗೆ ಇಳಿಸಿ ಕಟ್ಟಿ ಮ್ಯಾಲ ಇಟ್ರು. ಸ್ವಲ್ಪ ಹೊತ್ತಿಗೆ ಬುಡದಾಗ ಮಸಕ ನೀರಿನಂಥಾದ್ದು ಬ್ಯಾರೇ ಕುಂತಿತ್ತು. ಈಗಿನ ಪೆಟ್ರೋಲ್‌ನಾಗ ಎಥೆನಾಲ್ ಇರ್ತೈತಿ, ಅದು ಗಾಳ್ಯಾಗಿನ ತೇವಾ ಎಳಕೊಂತೈತಿ, ಭಾಳ ದಿನ ನಿಂತ್ರ ನೀರ್ ಕೂಡ ಕೆಳಗ ಕುಂದರ್ತೈತಿ, ಟ್ಯಾಪ್‌ಗೆ ಮೊದಲ ಬರೂದು ಅದ.

ಪ್ಲಗ್ ಬಿಚ್ಚಿದ್ರ ತೊಯ್ದ ತೊಪ್ಪಡಿ ಆಗಿತ್ತು. ಟೂ ಸ್ಟ್ರೋಕ್‌ನಾಗ ಪೆಟ್ರೋಲ್ ಪಿಸ್ಟನ್ ಕೆಳಗ ಕ್ರ್ಯಾಂಕ್ (ತಿರಗೂ ದಂಡ) ಇರೂ ಜಾಗಾದಾಗಿಂದ ಸಿಲಿಂಡರಿಗೆ ಹೋಗ್ತೈತಿ, ಅದಕ್ಕ ಸುಮ್ನ ಕಿಕ್ ಹೊಡದಂಗ ಹೊಡದಂಗ ಕೆಳಗ ತುಂಬ್ಕೊಂತ ಹೋಗ್ತೈತಿ. ಪೆಟ್ರೋಲ್ ಬಂದ್ ಮಾಡಿ, ಚಾವಿ ತಗದು, ಎಕ್ಸಲೇಟರ್ ಪೂರ್ತಿ ಹಿಡದು ಹದಿನೈದ್ ಕಿಕ್ ಹೊಡಸಿದ್ರು, ಪ್ಲಗ್ಗಿನ ತೂತಿನಿಂದ ಪಿಚಕಾರಿ ಹಂಗ ಬಂತು. ಆಮ್ಯಾಲ ನನ್ ಹೆಬ್ಬೆಟ್ಟ ಆ ತೂತಿನ ಮ್ಯಾಲ ಇಡಸಿ ಕಿಕ್ ಹೊಡದ್ರು, ಹೆಬ್ಬೆಟ್ಟನ್ನ ಹಾರಿಸಿ ಒಗೀತು! "ಕಂಪ್ರೆಶನ್ ಇಷ್ಟ ಐತಿ, ಬೋರ್ ಯಾಕ ಮಾಡಸ್ತೀಪಾ?" ಅಂದ್ರು. ಅಪ್ಪ ಸ್ಟೂಲ್ ಮ್ಯಾಲಿಂದ ಎದ್ದ ನಿಂತ್ರು.

ಇನ್ನ ಕರೆಂಟಿನ ವಿಷ್ಯ. ಯೆಜ್ಡಿ ಬ್ಯಾಟರಿ ಮ್ಯಾಲ ಚಾಲೂ ಆಗೂ ಗಾಡಿ, ನಮ್ಮ ಬ್ಯಾಟರಿ ಇಳದಿತ್ತು, ಕಾಕಾ ತಮ್ಮ ಹಂತೇಕ ಇದ್ದ ಚಾರ್ಜ್ ಆದ 6 ವೋಲ್ಟ್ ಬ್ಯಾಟರಿ ಹಚ್ಚಿ ನೋಡಿದ್ರೂ ಕಿಡಿ ಹಳದಿ, ಸಣ್ಣಂದು. ಬಲಗಡೆ ಕವರ್ ಬಿಚ್ಚಿದ್ರ ಪಾಯಿಂಟ್ (ಕಿಡಿ ಬರಸಾಕ ಕರೆಂಟ್ ಕೂಡಿಸಿ ಕಡಿಯೂ ಸಣ್ಣ ಸ್ವಿಚ್) ಸುಟ್ಟು ಕುಣಿ ಬಿದ್ದಿತ್ತು, ಕಿಕ್ ತಿರಗಿಸಿದ್ರ ಪಾಯಿಂಟಿನ್ಯಾಗ ಚಟಚಟ ಕಿಡಿ. ಅಲ್ಲಿ ಹಂಗ ದೊಡ್ಡ ಕಿಡಿ ಬಂದ್ರ ಕಂಡೆನ್ಸರ್ ಹೋಗೇತಿ ಅಂತ ತಿಳೀಬೇಕಂತ, ಯಾಕಂದ್ರ ಪಾಯಿಂಟ್ ತೆರಿಯೂವಾಗ ಆ ಕರೆಂಟನ್ನ ಕಂಡೆನ್ಸರ್ ತಡದ್ರನ ಪ್ಲಗ್ಗಿಗೆ ಕಿಡಿ ಕೊಡೂ ಕಾಯಿಲ್‌ನಾಗ ಜೋರ್ ಬರ್ತೈತಿ. ಪ್ಲಗ್ ಹೊರಗ ಹಿಡದಾಗ ಸಣ್ಣ ಕಿಡಿನೂ ಕಾಣ್ತೈತಿ, ಒಳಗ ಒತ್ತಡದಾಗ ಅದ ಕಿಡಿ ಹಾರಂಗಿಲ್ಲ. ಊರಾಗ ನಮಗ ಮೋಸ ಆಗಿದ್ದ ಇಲ್ಲೆ.

ಕಾಕಾ ಹೊಸಾ ಕಂಡೆನ್ಸರ್ ಎರಡ ತರಸಿ ಎರಡನ್ನೂ ಚಾರ್ಜ್ ಮಾಡಿ ವೈರ್ ಮುಟ್ಟಿಸಿ ಕಿಡಿ ಬರ್ತೈತೇನ ನೋಡಿದ್ರು, ಒಂದು ಡಬ್ಬಿಯಿಂದನ ಸತ್ತಿದ್ದು ಬಂದಿತ್ತು! ಇಷ್ಟ ತಾಳ್ಮಿ ನಾ ಬ್ಯಾರೇ ಎಲ್ಲೂ ನೋಡಿಲ್ಲ. ಪಾಯಿಂಟ್ ಹೊಸಾದ್ ಹಾಕಿ ಗೇಜಿನಿಂದ 0.4 ಎಂಎಂ ಗ್ಯಾಪ್ ಇಟ್ರು, ಕಾರ್ಬೋರೇಟರ್ ತೊಳದು, ಹೊಸಾ ಪೆಟ್ರೋಲ್‌ಗೆ ಲೀಟರ್‌ಗೆ 40 ಎಂಎಲ್ ಆಯಿಲ್ ಕಲಸಿ ಹಾಕಿದ್ರು.

ಮೂರನೇ ಕಿಕ್ಕಿಗೆ ಎದ್ದಿತ್ರಿ. ಗಲ್ಲಿ ತುಂಬ ಹೊಗಿ. ಕಾಕಾ ಎಕ್ಸಲೇಟರ್ ಏರಿಸಿ ಹಿಡದಿದ್ರು, ಅಪ್ಪ ಕುಂಟಕೋಂತ ಹತ್ರ ಬಂದು "ಸ್ವಲ್ಪ ಇಳಸ್ರಿ, ಇದು ಇಷ್ಟ ಒದರೂದಲ್ಲ" ಅಂತ ತಾವ ಸ್ಕ್ರೂ ತಿರಗಿಸಿ ಸ್ಲೋ ಕುಂದರ್ಸಿದ್ರು, ಕಾಕಾ ಬಾಜೂಕ ಸರದು ನಿಂತು ಅವರಿಗೆ ಬಿಟ್ಟಕೊಟ್ರು.

ಪಾಯಿಂಟ್ ಕಂಡೆನ್ಸರ್ 420, ಟ್ಯಾಪ್ ವಾಶರ್ 30, ಮಜೂರಿ 500, ಒಟ್ಟ 950 ರೂಪಾಯಿ. ಹಳೇ ಪಾಯಿಂಟ್, ಕಂಡೆನ್ಸರ್ ಎರಡೂ ಕೈಯಾಗ ಕೊಟ್ರು.

ಕೊರತಿ ಅಂದ್ರ ಫೋನ್ ಎತ್ತಂಗಿಲ್ಲ, ಕುಂದ್ರಾಕ ಜಾಗಾ ಇಲ್ಲ, ರೊಕ್ಕ ಕ್ಯಾಶ್‌ನಾಗ ಕೊಡಬೇಕು, ಮಳಿಗಾಲದಾಗ ಗಾಡಿ ಲೈನ್ ಹಚ್ಚಿರ್ತಾವ, ನಮಗೂ ಎರಡ ದಿನ ಹಿಡೀತು. ಅದಕ್ಕ 5ಕ್ಕ 4 ಕೊಡ್ತೀನಿ, ಕೆಲಸಕ್ಕ ಮಾತ್ರ ಪೂರ್ತಿ 5.

ಹೋಗೂವ್ರು ಬೆಳಿಗ್ಗೆ ಹತ್ತರ ಒಳಗ ಹೋಗ್ರಿ, ಟ್ಯಾಂಕಿನ್ಯಾಗಿನ ಹಳೇ ಪೆಟ್ರೋಲ್ ಚೆಲ್ಲಿ ಹೋಗಬ್ಯಾಡ್ರಿ, ಕಾಕಾಗ ಮೊದಲ ಅದನ್ನ ನೋಡಾಕ ಬೇಕು.