ಥಾಯ್ ಅಕ್ಕಿ ನೂಡಲ್ಸ್: ಎಳೆ ಚೆನ್ನಾಗಿದೆ, ಚೀಟಿ ಚೆನ್ನಾಗಿಲ್ಲ

ಜಯನಗರ 4ನೇ ಬ್ಲಾಕ್‌ನ ಅಂಗಡಿಯೊಂದರಿಂದ ತಂದ, ಥಾಯ್ಲೆಂಡಿನಲ್ಲೇ ತಯಾರಾದ ಚಪ್ಪಟೆ ಅಕ್ಕಿ ನೂಡಲ್ಸ್‌ನ 400 ಗ್ರಾಂ ಪೊಟ್ಟಣವನ್ನು ನಾಲ್ಕು ಬಾರಿ ಪಾಡ್ ಥಾಯ್ (ಹುಣಸೆ ರಸ ಹಾಕಿ ಹುರಿದ ಥಾಯ್ ನೂಡಲ್ಸ್) ಮಾಡಿ ಮುಗಿಸಿದ ಮೇಲೆ ಈ ಅಭಿಪ್ರಾಯ ಬರೆಯುತ್ತಿದ್ದೇನೆ. ಎಳೆಯ ಅಗಲ 5 ಮಿ.ಮೀ.; ಒಳಗಿರುವುದು ಅಕ್ಕಿ ಮತ್ತು ನೀರು ಮಾತ್ರ. ಥಾಯ್ಲೆಂಡಿನಲ್ಲಿ ಪಾಡ್ ಥಾಯ್‌ಗೆ ಹೆಸರಾದದ್ದು ಚಂತಬುರಿ ಪ್ರಾಂತ್ಯದ ಹೆಸರು ಹೊತ್ತ ‘ಸೆನ್ ಚಾನ್’ ಎಂಬ ಎಳೆ. ಬಾಣಲೆಯಲ್ಲಿ ತಿರುವಿದರೂ ತುಂಡಾಗದಿರುವುದೇ ಅದರ ಗುಣ, ಮತ್ತು ಈ ಪೊಟ್ಟಣದಲ್ಲಿ ಆ ಗುಣ ನಿಜಕ್ಕೂ ಇದೆ.

ಅದು ಮೊದಲ ದಿನ ನನಗೆ ಕಾಣಲಿಲ್ಲ. ಹಿಂಬದಿಗೆ ಅಂಟಿಸಿದ್ದ ಚೀಟಿಯನ್ನು ನಂಬಿ ಕುದಿಯುವ ನೀರಿನಲ್ಲಿ ಆರು ನಿಮಿಷ ಬೇಯಿಸಿ, ಬಸಿದು, ಹುಣಸೆ ರಸವಿದ್ದ ಬಾಣಲೆಗೆ ಸುರಿದೆ. ಎರಡು ಸಲ ಸೌಟಾಡಿಸುವಷ್ಟರಲ್ಲಿ ಎಳೆಗಳೆಲ್ಲ ಒಂದಕ್ಕೊಂದು ಮೆತ್ತಿಕೊಂಡವು. ‘ಏನಮ್ಮಾ, ಒತ್ತು ಶಾವಿಗೆ ಒತ್ತೋದಕ್ಕೆ ಮುಂಚೆಯೇ ಬಡಿಸಿಬಿಟ್ಟೆಯಾ?’ ಎಂದರು ನಮ್ಮ ಅತ್ತೆ.

ಅತ್ತೆಯವರ ಮಾತಿನಲ್ಲೇ ತಪ್ಪಿನ ಮೂಲವೂ ಇತ್ತು. ಒತ್ತು ಶಾವಿಗೆ ಒರಳಿನಿಂದ ಇಳಿಯುವಾಗಲೇ ಪೂರ್ತಿ ಬೆಂದಿರುತ್ತದೆ, ಅದಕ್ಕೆ ಬೇಕಾದದ್ದು ಒಗ್ಗರಣೆ ಮಾತ್ರ. ಆ ರೂಢಿಯಲ್ಲೇ ನಾವು ನೂಡಲ್ಸನ್ನೂ ಬೇಯಿಸಿಟ್ಟುಕೊಂಡು ಬಾಣಲೆಗೆ ಹಾಕುತ್ತೇವೆ. ಅಕ್ಕಿಯಲ್ಲಿ ಗೋಧಿಯ ಜಿಗುಟಿಲ್ಲದ ಕಾರಣ ಎಳೆಯನ್ನು ಹಿಡಿದಿಟ್ಟಿರುವುದು ಪಿಷ್ಟವೊಂದೇ. ಒಮ್ಮೆ ಪೂರ್ತಿ ಬೆಂದ ಎಳೆಯನ್ನು ಮತ್ತೆ ಬಿಸಿ ರಸದಲ್ಲಿ ಕಲಕಿದರೆ ಆ ಪಿಷ್ಟ ಹೊರಗೆ ಬಿಟ್ಟುಕೊಂಡು ಗಂಜಿಯಾಗದೆ ವಿಧಿಯಿಲ್ಲ. ಚೀಟಿಯ ಸೂಚನೆ ಸೂಪಿಗೆ ಸರಿಹೋದೀತು, ಹುರಿಯುವ ಅಡುಗೆಗಲ್ಲ.

ಎರಡನೆಯ ಸಲ ತಣ್ಣೀರಿನಲ್ಲಿ 40 ನಿಮಿಷ ನೆನೆಸಿದೆ. ಎಳೆಯು ಬೆರಳಿಗೆ ಮುರಿಯದೆ ಸುತ್ತಿಕೊಳ್ಳಬೇಕು, ಕಚ್ಚಿದರೆ ನಡುವೆ ಇನ್ನೂ ಹಸಿಯಾಗಿರಬೇಕು. ಉಳಿದ ಬೇವು ಬಾಣಲೆಯಲ್ಲಿ, ಹುಣಸೆ ರಸ, ತಾಟಿಬೆಲ್ಲ, ಸೋಯಾ ಸಾಸ್ ಹೀರಿಕೊಳ್ಳುತ್ತಲೇ ಆಗಬೇಕು. (ಮೂಲದಲ್ಲಿರುವುದು ಮೀನಿನ ಸಾಸ್, ನಮ್ಮದು ಸಸ್ಯಾಹಾರಿ ಮನೆ.) ಗಟ್ಟಿ ಎನಿಸಿದರೆ ಒಂದೊಂದೇ ಚಮಚ ನೀರು ಚಿಮುಕಿಸಿ, ಒಲೆ ಆರಿಸಿದ ಮೇಲೆ ಮೊಳಕೆ ಕಾಳು ಬೆರೆಸಿದೆ. ಎಳೆ ಬಿಡಿಬಿಡಿಯಾಗಿ, ಹಲ್ಲಿಗೆ ತುಸು ಎದುರು ನಿಲ್ಲುವಂತೆ ಬಂದಿತ್ತು. ಆದರೆ ಮನೆಯ ಗ್ಯಾಸ್ ಉರಿಗೆ ಒಂದು ಸಲಕ್ಕೆ 100 ಗ್ರಾಂಗಿಂತ ಹೆಚ್ಚು ಹಾಕಬಾರದು. ಹಾಕಿದರೆ ಬಾಣಲೆ ತಣ್ಣಗಾಗಿ ಎಳೆ ಹುರಿಯುವ ಬದಲು ಹಬೆಯಲ್ಲೇ ಬೇಯುತ್ತದೆ. ಮೂರನೆಯ ಸಲ ಕರೆಂಟ್ ಹೋದ ಗಡಿಬಿಡಿಯಲ್ಲಿ ನೆನೆಹಾಕಿದ್ದನ್ನು ಎರಡು ಗಂಟೆ ಮರೆತದ್ದರಿಂದ ಎಳೆಗಳು ಬಾಣಲೆಯಲ್ಲಿ ಪುಡಿಪುಡಿಯಾದವು, ಅದಕ್ಕೆ ಪೊಟ್ಟಣವನ್ನು ದೂರಲಾರೆ. ನಾಲ್ಕನೆಯದು ಸೊಗಸಾಗಿತ್ತು.

ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನ ಅನ್ನದಂತೆಯೇ ಬಿರುಸಾಗುತ್ತದೆ. ನೀರು ಚಿಮುಕಿಸಿ ಮುಚ್ಚಿ ಬಿಸಿ ಮಾಡಿದರೆ ಬಹುಪಾಲು ಸರಿಹೋಗುತ್ತದೆ. ಅಗಲ ಎಳೆ ಬೇಡುವ ಇನ್ನೊಂದು ಥಾಯ್ ಅಡುಗೆ ಪಾಡ್ ಸಿ ಇವ್‌ಗೆ ಇದು ಒಗ್ಗದು. ಪಾಡ್ ಥಾಯ್‌ಗಾಗಿ ಮತ್ತೊಂದು ಪೊಟ್ಟಣ ತಂದಾಗಿದೆ. ಚೀಟಿ ಕಿತ್ತು, ಡಬ್ಬಿಯ ಮೇಲೆ ‘ತಣ್ಣೀರು, 40 ನಿಮಿಷ’ ಎಂದು ಬರೆದಿಟ್ಟಿದ್ದೇನೆ.