ಕರ್ಣಕುಂಡಲಗಳ ಗುರುತಿಗೆ 10 ಪಟ್ಟಿನ ಟ್ರಿಪ್ಲೆಟ್ ಲೆನ್ಸ್

ಆಗುಂಬೆ, ಕೊಡಚಾದ್ರಿ ಕಡೆ ಮಳೆಗಾಲದಲ್ಲಿ ಕರ್ಣಕುಂಡಲದ ಹೂಗಳನ್ನು ಬಿಡಿಸಿ ನೋಡುವವರಿಗೆ 21 ಮಿ.ಮೀ. ಅಗಲದ, 10 ಪಟ್ಟು ಹಿಗ್ಗಿಸುವ ಟ್ರಿಪ್ಲೆಟ್ (ಮೂರು ಗಾಜು ಬೆಸೆದ) ಕೈಲೆನ್ಸ್ ಧಾರಾಳವಾಗಿ ಸಾಕು. ‘30 ಪಟ್ಟು’ ಎಂದು ಮೈಮೇಲೆ ಬರೆದ ಅಗ್ಗದ ಲೆನ್ಸನ್ನು ನಂಬಬೇಡಿ. ನಿಜವಾದ 20 ಪಟ್ಟಿನದ್ದಾದರೂ ಹೂವನ್ನು ಗಾಜಿಗೆ 12 ಮಿ.ಮೀ. ಹತ್ತಿರ ಹಿಡಿಯಬೇಕು, ಕಾಡಿನ ಮಬ್ಬಿನಲ್ಲಿ ನಿಮ್ಮದೇ ನೆರಳು ಅಡ್ಡ ಬರುತ್ತದೆ. 10 ಪಟ್ಟಿನದರಲ್ಲಿ 25 ಮಿ.ಮೀ. ಜಾಗ ಸಿಗುತ್ತದೆ, ಸೂಜಿ ಆಡಿಸಬಹುದು.

ಕರ್ಣಕುಂಡಲಗಳು ಸೇರುವ ಇಂಪೇಷಿಯನ್ಸ್ ಕುಲದಲ್ಲಿ ಸಾವಿರಕ್ಕೂ ಮಿಕ್ಕಿ ಪ್ರಭೇದಗಳಿವೆ. ಒಣಗಿಸಿದರೆ ಹೂ ಮುದುಡಿ ಹಾಳೆಗೆ ಅಂಟಿಕೊಳ್ಳುತ್ತದೆ. 1911ರಲ್ಲಿ ತೀರಿಕೊಳ್ಳುವವರೆಗೂ ಈ ಕುಲದ ಮೇಲೆ ದುಡಿದ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಅವರನ್ನೂ ಕಾಡಿದ್ದು ಇದೇ. ಹಾಗಾಗಿ ಹಸಿ ಹೂವನ್ನೇ, ಗಿಡದ ಬುಡದಲ್ಲೇ ನೋಡಬೇಕು.

ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು ಹೂವನ್ನು ಹತ್ತಿರ ತನ್ನಿ. ಮೊದಲು ಪಕ್ಕದ ಪುಷ್ಪಪತ್ರಗಳು, ಅಂದರೆ ದಳಗಳ ಹೊರಸುತ್ತಿನ ಎಸಳುಗಳು: ಒಂದೇ ಜೋಡಿಯೋ, ಎರಡೋ? ಒಳಜೋಡಿ ತೀರಾ ಚಿಕ್ಕದಿದ್ದು ಬರಿಗಣ್ಣಿಗೆ ತಪ್ಪಿಹೋಗುತ್ತದೆ. ಲೆನ್ಸಿನ ದುಡ್ಡು ವಸೂಲಾಗುವುದು ಇಲ್ಲೇ. ಆಮೇಲೆ ಕೆಳಗಿನ ಪುಷ್ಪಪತ್ರ ದೋಣಿಯಂತಿದೆಯೋ ಚೀಲದಂತಿದೆಯೋ ನೋಡಿ, ಅದರ ತುದಿಯ ಬಾಲವನ್ನು, ಅಂದರೆ ಸ್ಪರನ್ನು, ಸ್ಕೇಲಿಟ್ಟು ಅಳೆಯಿರಿ. ತೇವದ ನೆಲದಲ್ಲಿ ಬೆಳೆಯುವ ಚೈನೆನ್ಸಿಸ್, ಆಪೊಸಿಟಿಫೋಲಿಯಾ ಎಂಬ ಎರಡು ಪ್ರಭೇದಗಳಿಗೂ ಎದುರುಬದುರಾದ ಕಿರಿದಾದ ಎಲೆ. ಮೊದಲನೆಯದರ ಸ್ಪರ್ ಉದ್ದ, ತೆಳು, ಬಾಗಿದ್ದು, ಎರಡನೆಯದರದ್ದು ಮೊಂಡು. ಕೊನೆಗೆ ಜೋಡಿಯಾಗಿ ಬೆಸೆದ ಪಕ್ಕದ ದಳಗಳನ್ನು ಒಂದು ಹನಿ ನೀರಿನಲ್ಲಿ, ಕಪ್ಪು ಕಾಗದದ ಮೇಲೆ ಹರಡಿ ಅವುಗಳ ಹಾಲೆಗಳ (ಸೀಳಿದ ಭಾಗಗಳ) ಆಕಾರ ಬರೆದುಕೊಳ್ಳಿ. ಜಿನುಗುವ ಬಂಡೆಗಳ ಅಕಾಲಿಸ್ ಪ್ರಭೇದಕ್ಕೆ ಇಷ್ಟೆಲ್ಲ ಬೇಡ, ಕಾಂಡವೇ ಇಲ್ಲದ ಗಿಡ ದೂರದಿಂದಲೇ ತಿಳಿಯುತ್ತದೆ.

ಹೊಸಬರು ಎಡವುವ ಜಾಗವೊಂದಿದೆ. ಹೊಸದಾಗಿ ಅರಳಿದ ಹೂವಿನಲ್ಲಿ ಪರಾಗ ಕೊಡುವ ಐದು ಕೇಸರಗಳು ಕೂಡಿ ಅಂಡಾಶಯದ ಮೇಲೆ ಟೋಪಿಯಾಗಿ ಕೂತಿರುತ್ತವೆ. ಆ ಟೋಪಿ ಇಡಿಯಾಗಿ ಉದುರಿದ ಮೇಲೆ ಪರಾಗ ಹಿಡಿಯುವ ತುದಿ, ಶಲಾಕಾಗ್ರ, ಹೊರಬೀಳುತ್ತದೆ. ಒಂದೇ ಗಿಡದ ಎರಡು ಹಂತಗಳನ್ನು ಎರಡು ಪ್ರಭೇದವೆಂದು ಬರೆದುಕೊಳ್ಳಬೇಡಿ.

ಲೆನ್ಸಿನ ಕೊರತೆ ತೇವ. ಮಲೆನಾಡಿನ ಜುಲೈನಲ್ಲಿ ಗಾಜಿನ ಮೇಲೆ ಮಂಜು ಕಟ್ಟುತ್ತದೆ, ಒದ್ದೆ ಚೀಲದಲ್ಲೇ ಬಿಟ್ಟರೆ ಬೂಷ್ಟು ಹತ್ತುತ್ತದೆ. ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಅಸಿಟೋನ್ ಸೋಕಿಸಬೇಡಿ, ಗಾಜು ಬೆಸೆದ ಅಂಟು ಕೆಡುತ್ತದೆ. ಒಂಟಿ ಗಾಜಿನ ಲೆನ್ಸಿಗಿಂತ ಬೆಲೆ ಹೆಚ್ಚು, ಆದರೂ ಕೊಡಬಹುದು. ಶಿವಮೊಗ್ಗದ ಅಂಗಡಿಯಲ್ಲಿ ಕೊಳ್ಳುವುದಾದರೆ ಗ್ರಾಫ್ ಹಾಳೆ ಒಯ್ಯಿರಿ: ಅಂಚಿನ ಗೆರೆ ಬಾಗಿದರೆ, ಬಣ್ಣ ಒಡೆದರೆ, ಅದು ಟ್ರಿಪ್ಲೆಟ್ ಅಲ್ಲ.