ಯುದ್ಧಕಾಲದ ಸಿವಿಲ್ ಡಿಫೆನ್ಸ್ ಸಾಮಾನು: ತುಕ್ಕು ನೋಡಿ ದುಡ್ಡು ಕೊಡಬೇಡಿ (5ಕ್ಕೆ 3 ಸ್ಟಾರ್)

ಹಳೇ ಸಾಮಾನು ಮಾರುವ ಈ ಆ್ಯಪನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ನಾನಿರುವ ಕಾರವಾರದಲ್ಲಿ ಇಂಥ ಬ್ಯಾಡ್ಜು, ಸೀಟಿ, ಹೆಲ್ಮೆಟ್ಟು ಅಂಗಡಿಯಲ್ಲಿ ಸಿಗುವುದಿಲ್ಲ. ಸಿವಿಲ್ ಡಿಫೆನ್ಸ್ ಅಂದರೆ ನಾಗರಿಕ ರಕ್ಷಣಾ ದಳ. ವಾಯುದಾಳಿಯ ಸೈರನ್ ಕೂಗಿದಾಗ ಬೀದಿಗಿಳಿದು ದೀಪ ಆರಿಸಲು ಹೇಳುತ್ತಿದ್ದ, ಗಾಯಗೊಂಡವರನ್ನು ಹೊತ್ತೊಯ್ಯುತ್ತಿದ್ದ ಸಾಮಾನ್ಯ ಜನರ ನೆನಪು ಉಳಿಯಬೇಕು ಅಂತ ಕೂಡಿಡುತ್ತೇನೆ. ಇಂಥದ್ದೇ ಸ್ವಯಂಸೇವಕರ ಪಡೆಯಾದ ಹೋಮ್ ಗಾರ್ಡ್ಸ್ 1946ರಲ್ಲಿ ಶುರುವಾಗಿದ್ದು ಮುಂಬಯಿಯಲ್ಲಿ. ಆಗ ನಮ್ಮ ಜಿಲ್ಲೆಯೂ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಹಾಗಾಗಿ ನಕಲಿ ಮಾಲು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಮಾರುವವರು ಮೊದಲು ತೋರಿಸುವುದು ತುಕ್ಕನ್ನು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಉಪ್ಪುಗಾಳಿಯಲ್ಲಿ ಒಂದು ಮಳೆಗಾಲ ಬಿಟ್ಟರೆ ಹೊಸ ಚಿಲಕವೂ ಕೆಂಪಗಾಗುತ್ತದೆ. ತುಕ್ಕು ಬಿಡಿ, ಮೇಲಿರುವ ಬರಹ ಓದಿ.

'1971ರ ಯುದ್ಧದ್ದು' ಅಂತ ಹಾಕಿದ್ದ ಒಂದು ಹೆಲ್ಮೆಟ್ ತರಿಸಿ ನೋಡಿದೆ. ಆ್ಯಪಿನ ಫೋಟೋದಲ್ಲಿ ಮುಂಭಾಗ ಮಾತ್ರ ಇತ್ತು. ಹಿಂದೆ ಬಿಳಿ ಬಣ್ಣದಲ್ಲಿ 'ಕರ್ನಾಟಕ' ಅಂತ ಬರೆದಿತ್ತು. ನಮ್ಮ ರಾಜ್ಯಕ್ಕೆ ಆ ಹೆಸರು ಬಂದಿದ್ದು 1973ರ ನವೆಂಬರ್ 1ಕ್ಕೆ, ಅದಕ್ಕೆ ಮೊದಲು ಅದು ಮೈಸೂರು ರಾಜ್ಯ. ಕಿಟಕಿ ಹತ್ತಿರ ಹಿಡಿದು ನೋಡಿದರೆ ಇನ್ನೊಂದು ವಿಷಯ ಕಂಡಿತು. ಬಣ್ಣ ಹಳೇ ಗೀರುಗಳೊಳಗೂ ಇಳಿದಿತ್ತು, ತುಕ್ಕಿನ ಗುಳಿಗಳ ಮೇಲೂ ಕೂತಿತ್ತು. ಅಕ್ಷರ ಮೊದಲೇ ಇದ್ದಿದ್ದರೆ ಗೀರು ಅಕ್ಷರವನ್ನು ಕತ್ತರಿಸಿಕೊಂಡು ಹೋಗಬೇಕಿತ್ತು. ಬ್ರಿಟಿಷ್ ಹೆಲ್ಮೆಟ್ಟುಗಳಲ್ಲೂ ಇದೇ ಆಟ ನಡೆಯುತ್ತದೆ. ಸಾದಾ ಹೆಲ್ಮೆಟ್ಟಿಗೆ ವಾರ್ಡನ್‌ಗಳ (ವಾಯುದಾಳಿ ವೇಳೆ ಬೀದಿ ನೋಡಿಕೊಳ್ಳುತ್ತಿದ್ದವರ) 'ಡಬ್ಲ್ಯೂ' ಬರೆದರೆ ಸಾಕು, ಬೆಲೆ ಏರುತ್ತದೆ.

ತೋಳಪಟ್ಟಿಗಳದ್ದು ಇನ್ನೂ ಸುಲಭ. ಕಿತ್ತಳೆ ಬಣ್ಣದ ಮೇಲೆ ನೀಲಿ ತ್ರಿಕೋನ ಇದ್ದರೆ, 1965ರದ್ದು ಅಂತ ಯಾರೇ ಹೇಳಿದರೂ ನಂಬಬೇಡಿ. ಅದು ಸಿವಿಲ್ ಡಿಫೆನ್ಸಿನ ಅಂತರರಾಷ್ಟ್ರೀಯ ಗುರುತಾಗಿದ್ದು ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಪ್ರೋಟೋಕಾಲ್‌ನಿಂದ. ಪ್ರಥಮ ಚಿಕಿತ್ಸೆಯ ಡಬ್ಬಿಯಾದರೆ ಲೇಬಲ್ಲಿನ ವಿಳಾಸ ನೋಡಿ. ಆರು ಅಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಹಳೇದಾಗಿರಲು ಸಾಧ್ಯವೇ ಇಲ್ಲ.

ಬ್ರಿಟನ್ನಿನ ಬ್ಯಾಡ್ಜುಗಳಲ್ಲಿ ಕಿರೀಟ ನೋಡಿ. ಎರಡನೇ ಮಹಾಯುದ್ಧದ ಕಾಲದ ರಾಜನ ಕಿರೀಟದ ಕಮಾನು ದುಂಡಗಿರುತ್ತದೆ. ನಡುವೆ ಕೆಳಗೆ ಬಾಗಿದ್ದರೆ ಅದು ಎಲಿಜಬೆತ್ ರಾಣಿಯ ಕಾಲದ್ದು. ಅಂಥವು ಹೆಚ್ಚಾಗಿ 1949ರಲ್ಲಿ ಶುರುವಾಗಿ 1968ರಲ್ಲಿ ಮುಚ್ಚಿದ ಸಿವಿಲ್ ಡಿಫೆನ್ಸ್ ಕೋರ್‌ನವು. ವಸ್ತು ಅಸಲಿಯೇ, ಹೇಳುವ ಕಥೆ ಮಾತ್ರ ಸುಳ್ಳು. ಎ.ಆರ್.ಪಿ. (ಏರ್ ರೇಡ್ ಪ್ರಿಕಾಷನ್ಸ್, ಅಂದರೆ ವಾಯುದಾಳಿ ಮುನ್ನೆಚ್ಚರಿಕೆ) ಅಂತ ಬರೆದ ಬೆಳ್ಳಿ ಬ್ಯಾಡ್ಜಿನ ಹಿಂದೆ ಪುಟ್ಟ ಮುದ್ರೆಗಳಿರುತ್ತವೆ. ಲಂಡನ್ನಿನ ವರ್ಷಸೂಚಕ ಅಕ್ಷರಗಳಲ್ಲಿ 1936ಕ್ಕೆ 'ಎ', 1939ಕ್ಕೆ 'ಡಿ'. ಅಸಲಿಯಲ್ಲಿ ಈ ಮುದ್ರೆಗಳ ಅಂಚು ಚೂಪಾಗಿರುತ್ತದೆ. ಎರಕದ ನಕಲಿಯಲ್ಲಿ ಅಕ್ಷರಗಳು ಕರಗಿದ ಬೆಲ್ಲದ ಹಾಗೆ ಮೆತ್ತಗೆ ಕಾಣುತ್ತವೆ, ಸೂಜಿಮೊನೆಯಂಥ ತೂತುಗಳೂ ಇರುತ್ತವೆ.

ನೇರಳಾತೀತ (ಯುವಿ) ಟಾರ್ಚ್ ಬಿಟ್ಟು ಬಟ್ಟೆ ಪರೀಕ್ಷಿಸುವವರಿದ್ದಾರೆ. ಈಗಿನ ಬಟ್ಟೆಗೆ ಹಾಕುವ ಬಿಳುಪಿನ ರಾಸಾಯನಿಕ ಆ ಬೆಳಕಿಗೆ ಹೊಳೆಯುತ್ತದೆ. ಬಟ್ಟೆ ಬೆಳ್ಳಗೆ ಹೊಳೆದರೆ ಅನುಮಾನ ಪಡಬಹುದು, ಅಷ್ಟೇ. ಅಸಲಿ ಪಟ್ಟಿಯನ್ನು ಯಾರೋ ಈಗಿನ ಸೋಪಿನ ಪುಡಿಯಲ್ಲಿ ತೊಳೆದಿದ್ದರೂ ಹೊಳೆಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ಅಸಲಿಯೇ ಜಾಸ್ತಿ ಅಪಾಯ. ಎರಡನೇ ಮಹಾಯುದ್ಧ ಕಾಲದ ಬ್ರಿಟಿಷ್ ಗ್ಯಾಸ್ ಮಾಸ್ಕಿನ ಫಿಲ್ಟರಿನಲ್ಲಿ ಹೆಚ್ಚಾಗಿ ಆಸ್ಬೆಸ್ಟಾಸ್ (ಉಸಿರಿನೊಳಗೆ ಹೋದರೆ ಕ್ಯಾನ್ಸರ್ ತರಬಲ್ಲ ನಾರು) ಇರುತ್ತದೆ. ದಯವಿಟ್ಟು ಮಕ್ಕಳ ಮುಖಕ್ಕೆ ಹಾಕಿ ಫೋಟೋ ತೆಗೆಯಬೇಡಿ. ನೀವೂ ಹಾಕಿಕೊಳ್ಳಬೇಡಿ. ಆ್ಯಪಿನಲ್ಲಿ ಈ ಎಚ್ಚರಿಕೆ ಎಲ್ಲೂ ಇಲ್ಲ, ಇರಲೇಬೇಕು.

ಇನ್ನು ಆ್ಯಪಿನ ಸೇವೆ. ಹುಡುಕುವುದು ಸಲೀಸು, ಪ್ಯಾಕಿಂಗ್ ಚೆನ್ನಾಗಿರುತ್ತದೆ. ಹೆಲ್ಮೆಟ್ ವಾಪಸ್ ಕೊಟ್ಟಾಗ ದುಡ್ಡು ಪೂರ್ತಿ ಬಂತು, ಮಳೆಗಾಲವಾದ್ದರಿಂದ ಪಿಕಪ್‌ನವರು ಬರೋದು ಮಾತ್ರ ತಡವಾಯಿತು. ಖರೀದಿಗೆ ಮುಂಚೆ ಹಿಂಭಾಗದ, ಒಳಭಾಗದ ಫೋಟೋ ಕೇಳಿ. ಒಳ್ಳೇ ಮಾರಾಟಗಾರರು ತಕ್ಷಣ ಕಳಿಸುತ್ತಾರೆ. ಕೊಡಲು ಹಿಂಜರಿದರೆ ಸುಮ್ನೆ ಮುಂದೆ ಹೋಗಿ. ಎರಡು ಸ್ಟಾರ್ ಕಡಿಮೆ ಕೊಟ್ಟಿದ್ದಕ್ಕೆ ಕಾರಣ ಇಷ್ಟೇ: ಪುರಾವೆ ಸಮೇತ ದೂರು ಕೊಟ್ಟ ಮೇಲೂ ಅದೇ ಹೆಲ್ಮೆಟ್, ಅದೇ ಫೋಟೋ, ಅದೇ '1971' ಮತ್ತೆ ಮಾರಾಟಕ್ಕೆ ಬಂದಿದೆ.